ಬಾಯಿತಪ್ಪೋ, ಕಣ್ತಪ್ಪೋ? ಒಂದು ಸ್ಪಷ್ಟನೆ ಪತ್ರದ ಓದು

ಕನ್ನಡ ಪತ್ರಿಕೆ ಓದಿ ಬೆಳೆದವರಿಗೆ 'ಸ್ಪಷ್ಟನೆ' ಎಂಬ ಪದ ಬಂದ ಕೂಡಲೇ ಒಂದು ಸಣ್ಣ ನಗು ಬರುತ್ತೆ. ನಿನ್ನೆ ಏನೋ ಹೇಳಿದವರು ಇವತ್ತು ಸ್ಪಷ್ಟನೆ ನೀಡುತ್ತಾರೆ. ಹೇಳಿಕೆಯನ್ನು ತಿರುಚಲಾಗಿದೆ ಎನ್ನುತ್ತಾರೆ. ಸ್ಪಷ್ಟನೆ ಓದಿದ ಮೇಲೆ ವಿಷಯ ಮೊದಲಿಗಿಂತ ಮಸುಕಾಗಿರುತ್ತೆ. ಇಲ್ಲಿ ಹುಟ್ಟಿ ಬೆಳೆದು ಈಗ ಕನ್ನಡ ಓದಲು ಕಲಿಯುತ್ತಿರುವವರು ಇದನ್ನು ಗಮನಿಸಿ: ಪದದ ಅರ್ಥ 'ಸ್ಪಷ್ಟ ಮಾಡುವುದು' ಅಂತಲೇ ಇದೆ, ಆದರೆ ಬಳಕೆಯಲ್ಲಿ ಅದು ಹಿಂದೆ ಸರಿಯುವುದಕ್ಕೆ ಇರುವ ಗೌರವದ ಹೆಸರು.

ಪಾಡ್‌ಕಾಸ್ಟ್‌ನಲ್ಲಿ ಎರಡೇ ನಿಮಿಷದಲ್ಲಿ ಹೇಳಿ ಮುಗಿಸಿದ್ದ ಒಂದು ಸ್ಪಷ್ಟನೆಯನ್ನು ಇಲ್ಲಿ ನಿಧಾನವಾಗಿ ಓದೋಣ. ಇದು ಬ್ರಿಟನ್ನಿನದು. ರಾಜಕಾರಣಿಯದಲ್ಲ, ಅಧಿಕಾರಿಯದು. ಒಂದು ಪುಟದ ಪತ್ರ. ಸಾಹಿತ್ಯ ವಿಮರ್ಶೆಯಲ್ಲಿ ಕವಿತೆಯನ್ನು ಓದುವಷ್ಟು ಹತ್ತಿರದಿಂದ ಸರ್ಕಾರಿ ಪತ್ರಗಳನ್ನು ನಾವು ಓದುವುದೇ ಇಲ್ಲ. ಓದಬೇಕು ಅನ್ನೋದು ನನ್ನ ವಾದ, ಯಾಕೆಂದರೆ ನಮ್ಮ ಬದುಕಿನ ಮೇಲೆ ಅವುಗಳ ಪರಿಣಾಮ ಕವಿತೆಗಿಂತ ಹೆಚ್ಚು.

2020ರ ಏಪ್ರಿಲ್ 21, ಮಂಗಳವಾರ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಕೋವಿಡ್‌ನಿಂದ ಸತ್ತವರ ಸಂಖ್ಯೆ 17 ಸಾವಿರ ದಾಟಿತ್ತು. ಪ್ರಧಾನಿ ಬೋರಿಸ್ ಜಾನ್ಸನ್ ಐಸಿಯುನಿಂದ ಹೊರಬಂದು ಚೇತರಿಸಿಕೊಳ್ಳುತ್ತಿದ್ದರು, ಅವರ ಜಾಗದಲ್ಲಿ ವಿದೇಶಾಂಗ ಸಚಿವ ಡೊಮಿನಿಕ್ ರಾಬ್ ಸರ್ಕಾರ ನೋಡಿಕೊಳ್ಳುತ್ತಿದ್ದರು. ಆ ದಿನ ಹೌಸ್ ಆಫ್ ಕಾಮನ್ಸ್‌ನ ವಿದೇಶಾಂಗ ವ್ಯವಹಾರಗಳ ಸಮಿತಿಯ ಮುಂದೆ ಸಾಕ್ಷ್ಯ ಹೇಳಲು ಬಂದವರು ಸರ್ ಸೈಮನ್ ಮೆಕ್‌ಡೊನಾಲ್ಡ್. ವಿದೇಶಾಂಗ ಕಚೇರಿಯ ಪರ್ಮನೆಂಟ್ ಅಂಡರ್ ಸೆಕ್ರೆಟರಿ, ಅಂದರೆ ನಮ್ಮ ಕಡೆಯ ಭಾಷೆಯಲ್ಲಿ ಇಲಾಖೆಯ ಕಾರ್ಯದರ್ಶಿ, ರಾಜತಾಂತ್ರಿಕ ಸೇವೆಯ ಮುಖ್ಯಸ್ಥ. 1982ರಲ್ಲಿ ಕೆಲಸಕ್ಕೆ ಸೇರಿ, ಇಸ್ರೇಲ್ ಮತ್ತು ಜರ್ಮನಿಯಲ್ಲಿ ರಾಯಭಾರಿಯಾಗಿದ್ದವರು. ಪದ ಬಳಸುವಾಗ ಎಚ್ಚರ ತಪ್ಪುವ ಜಾತಿಯ ಮನುಷ್ಯ ಅಲ್ಲ.

ಪ್ರಶ್ನೆ ವೆಂಟಿಲೇಟರ್ ಬಗ್ಗೆ. ಯುರೋಪಿಯನ್ ಒಕ್ಕೂಟದ ದೇಶಗಳು ಒಟ್ಟಾಗಿ ವೈದ್ಯಕೀಯ ಸಾಮಗ್ರಿ ಕೊಳ್ಳುವ ಯೋಜನೆ ಮಾಡಿದ್ದವು. ಬ್ರಿಟನ್ ಆ ಜನವರಿ 31ಕ್ಕೆ ಒಕ್ಕೂಟದಿಂದ ಹೊರಬಂದಿದ್ದರೂ ವರ್ಷದ ಕೊನೆಯವರೆಗೆ ಪರಿವರ್ತನೆಯ ಅವಧಿ ಇತ್ತು, ಸೇರುವ ಹಕ್ಕಿತ್ತು. ಆದರೂ ಸೇರಲಿಲ್ಲ. ಯಾಕೆ? ಮೆಕ್‌ಡೊನಾಲ್ಡ್ ಉತ್ತರದ ಸಾರ ಇಷ್ಟು: ಅದು ರಾಜಕೀಯ ನಿರ್ಧಾರ. ಏನೇನು ಲಭ್ಯವಿದೆ ಎಂದು ಬ್ರಸೆಲ್ಸ್‌ನಲ್ಲಿರುವ ನಮ್ಮ ಮಿಷನ್ ಸಚಿವರಿಗೆ ತಿಳಿಸಿತ್ತು, ಮುಂದಿನ ನಿರ್ಧಾರ ಎಲ್ಲರಿಗೂ ಗೊತ್ತಿರುವುದೇ.

ಸಂಜೆಯ ಪತ್ರಿಕಾಗೋಷ್ಠಿಯಲ್ಲಿ ಆರೋಗ್ಯ ಸಚಿವ ಮ್ಯಾಟ್ ಹ್ಯಾನ್‌ಕಾಕ್, ತಮಗೆ ತಿಳಿದಂತೆ ರಾಜಕೀಯ ನಿರ್ಧಾರ ಅಂಥದ್ದೇನೂ ಆಗಿಲ್ಲ ಎಂದರು. ಅದೇ ದಿನ ಸಮಿತಿಯ ಅಧ್ಯಕ್ಷ ಟಾಮ್ ಟುಗೆಂಡ್‌ಹಾಟ್ ಅವರಿಗೆ ಮೆಕ್‌ಡೊನಾಲ್ಡ್ ಪತ್ರವೂ ಹೋಯಿತು. ಅದರ ಒಕ್ಕಣೆ ಹೀಗಿದೆ: ದುರದೃಷ್ಟವಶಾತ್, ಒಂದು ತಪ್ಪು ತಿಳಿವಳಿಕೆಯಿಂದಾಗಿ, ನಾನು ಉದ್ದೇಶವಿಲ್ಲದೆ ಸಮಿತಿಗೆ ತಪ್ಪು ಹೇಳಿದೆ. ಬ್ರಸೆಲ್ಸ್ ಮಿಷನ್ ಈ ಯೋಜನೆಯ ಬಗ್ಗೆ ಸಚಿವರಿಗೆ ತಿಳಿಸಿರಲಿಲ್ಲ. ಸೇರುವುದೋ ಬೇಡವೋ ಎಂಬ ರಾಜಕೀಯ ನಿರ್ಧಾರ ಆಗಲಿಲ್ಲ. ಸಂಗತಿಗಳು ಈ ಹಿಂದೆ ತಿಳಿಸಿದಂತೆಯೇ ಇವೆ: ಆರಂಭದ ಒಂದು ಸಂವಹನ ಸಮಸ್ಯೆಯಿಂದ ಆಹ್ವಾನ ಸಮಯಕ್ಕೆ ಸರಿಯಾಗಿ ಬರಲಿಲ್ಲ, ಆದ್ದರಿಂದ ನಾಲ್ಕು ಖರೀದಿಗಳಲ್ಲಿ ಸೇರಲಾಗಲಿಲ್ಲ.

ಇದು ಪತ್ರ. ಈಗ ವಾಕ್ಯರಚನೆ ನೋಡಿ.

ಮೊದಲು ಆಡಿದ ಮಾತಿನಲ್ಲಿ ಜನರಿದ್ದಾರೆ. ತಿಳಿಸಿದವರು ಯಾರು? ಮಿಷನ್. ಯಾರಿಗೆ? ಸಚಿವರಿಗೆ. ಏನನ್ನು? ಏನು ಲಭ್ಯವಿದೆ ಎಂಬುದನ್ನು. ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ಅವರವರ ಜಾಗದಲ್ಲಿ ಕೂತಿವೆ. ಪತ್ರ ಇವರನ್ನೆಲ್ಲ ಒಬ್ಬೊಬ್ಬರಾಗಿ ಹೊರಗೆ ಕಳಿಸುತ್ತದೆ. ಮಿಷನ್ ತಿಳಿಸಲಿಲ್ಲ, ಸಚಿವರಿಗೆ ತಿಳಿಯಲಿಲ್ಲ, ನಿರ್ಧಾರ ಆಗಲಿಲ್ಲ. ಖಾಲಿಯಾದ ವೇದಿಕೆಯ ಮೇಲೆ ಕೊನೆಗೆ ಉಳಿಯುವವು ಎರಡು ನಾಮಪದಗಳು ಮಾತ್ರ: 'ತಪ್ಪು ತಿಳಿವಳಿಕೆ' ಮತ್ತು 'ಸಂವಹನ ಸಮಸ್ಯೆ'. ಎರಡಕ್ಕೂ ಮಾಲೀಕರಿಲ್ಲ. ಯಾರು ಯಾರನ್ನು ತಪ್ಪು ತಿಳಿದರು? ಯಾರ ಇಮೇಲ್ ಯಾರಿಗೆ ತಲುಪಲಿಲ್ಲ? ಪತ್ರ ಬಾಯಿ ಬಿಡುವುದಿಲ್ಲ.

ಕನ್ನಡ ಈ ವಿಷಯದಲ್ಲಿ ಸ್ವಲ್ಪ ಖಡಕ್. ನಮ್ಮಲ್ಲಿ ತಪ್ಪಿಗೆ ಅಂಗ ಇರುತ್ತೆ. ಬಾಯಿತಪ್ಪಿ ಹೇಳಿದೆ ಅಂದರೆ ಮನಸ್ಸಲ್ಲಿ ಸರಿ ಇತ್ತು, ನಾಲಿಗೆ ಜಾರಿತು. ಕಣ್ತಪ್ಪಿನಿಂದ ಆಯಿತು ಅಂದರೆ ಕಾಗದದಲ್ಲಿ ಸರಿ ಇತ್ತು, ನಾನು ನೋಡುವಾಗ ಬಿಟ್ಟುಬಿಟ್ಟೆ. ಕೇಳಿದ್ದು ತಪ್ಪಾಗಿದ್ದರೆ ಅದು ಕಿವಿಯ ದೋಷ. ಸರ್ಕಾರಿ ಕನ್ನಡ ಕೂಡ ಬುದ್ಧಿವಂತ, 'ಅಚಾತುರ್ಯದಿಂದ' ಎಂಬ ಅಂಗವೇ ಇಲ್ಲದ ಪದವನ್ನು ಕಂಡುಹಿಡಿದುಕೊಂಡಿದೆ. ಮೆಕ್‌ಡೊನಾಲ್ಡ್ ಪತ್ರವನ್ನು ಕನ್ನಡದ ಈ ತಕ್ಕಡಿಯಲ್ಲಿ ಇಟ್ಟು ನೋಡಿ. ಇದು ಬಾಯಿತಪ್ಪೋ? ಆಗಿರಲಾರದು. ಬಾಯಿತಪ್ಪಿ ಒಂದು ಪದ ಬರುತ್ತೆ, ಮಿಷನ್ನು, ಸಚಿವರು, ಮಾಹಿತಿ, ನಿರ್ಧಾರ ಅಂತ ಒಂದು ಇಡೀ ಸರಪಣಿ ಬರುವುದಿಲ್ಲ. ಕಣ್ತಪ್ಪೋ? ಹಾಗಿದ್ದರೆ ಅವರು ತಪ್ಪಾಗಿ ಓದಿದ ಕಾಗದ ಒಂದಿರಬೇಕು. ಯಾವುದು ಅದು? ಯಾರೋ ತಪ್ಪಾಗಿ ಹೇಳಿದ್ದನ್ನು ನಂಬಿದರೋ? ಹಾಗಿದ್ದರೆ ಹೇಳಿದವರು ಯಾರು? ಮೂರರಲ್ಲಿ ಯಾವುದೇ ಆಗಿದ್ದರೂ ಒಂದೇ ಸಾಲಿನಲ್ಲಿ ಬರೆದು ಮುಗಿಸಬಹುದಿತ್ತು.

ಮೊದಲನೇ ಮಾತೇ ನಿಜ, ಪತ್ರ ಒತ್ತಡದಲ್ಲಿ ಬರೆದದ್ದು ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ನನ್ನ ಹತ್ತಿರ ಪುರಾವೆ ಇಲ್ಲ. ಮೂವತ್ತೆಂಟು ವರ್ಷ ಅನುಭವ ಇರುವವರೂ ಒಂದು ವಿಷಯವನ್ನು ತಪ್ಪಾಗಿ ತಿಳಿದಿರಬಹುದು. ನನ್ನ ತಕರಾರು ಬೇರೆ: ಎರಡರಲ್ಲಿ ಯಾವುದು ನಿಜ ಎಂದು ಓದುಗ ತೀರ್ಮಾನಿಸಲು ಬೇಕಾದ ಒಂದೇ ಒಂದು ಸಂಗತಿಯನ್ನೂ ಈ ಪತ್ರ ಕೊಡುವುದಿಲ್ಲ. ಸಾಕ್ಷ್ಯವನ್ನು ತಿದ್ದುವ ಪತ್ರದಲ್ಲಿ ಸಾಕ್ಷ್ಯ ಇಲ್ಲ.

ಪತ್ರದ ಅತಿ ಮುಖ್ಯ ವಾಕ್ಯ ನನಗೆ ಕಂಡದ್ದು ಕ್ಷಮೆಯದ್ದಲ್ಲ. ಸಂಗತಿಗಳು ಈ ಹಿಂದೆ ತಿಳಿಸಿದಂತೆಯೇ ಇವೆ ಎಂಬ ಸಾಲು. ಸಾಮಾನ್ಯವಾಗಿ ನಾವು ಒಂದು ತಪ್ಪನ್ನು ತಿದ್ದುವುದು ಹೇಗೆ? ಕಡತ ತೆಗೆದು ನೋಡಿದೆ, ಇಂಥ ದಿನದ ಇಂಥ ಟಿಪ್ಪಣಿಯಲ್ಲಿ ಹೀಗಿದೆ, ಆದ್ದರಿಂದ ನಾನು ಹೇಳಿದ್ದು ತಪ್ಪು ಎನ್ನುತ್ತೇವೆ. ಇಲ್ಲಿ ಹಾಗಾಗಿಲ್ಲ. ಸರ್ಕಾರ ಈಗಾಗಲೇ ಹೇಳಿದ್ದಕ್ಕೆ ಹೊಂದುವುದಿಲ್ಲ, ಆದ್ದರಿಂದ ತಪ್ಪು. ನನ್ನ ಕೆಲಸದ ಭಾಷೆಯಲ್ಲಿ ಹೇಳಬೇಕೆಂದರೆ, ಒಂದು ಕಾಲಮ್ಮಿನ ಸಂಖ್ಯೆಯನ್ನು ಮೂಲ ಡೇಟಾ ತೆರೆದು ಪರೀಕ್ಷಿಸುವ ಬದಲು ಇನ್ನೊಂದು ರಿಪೋರ್ಟ್‌ಗೆ ತಾಳೆ ಹಾಕಿ, ತಾಳೆಯಾಗಲಿಲ್ಲ ಅಂತ ಅಳಿಸಿದಂತೆ. ತಾಳೆ ಹಾಕಿದ ರಿಪೋರ್ಟೇ ತಪ್ಪಿದ್ದರೆ?

ಆ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. 'ಈ ಹಿಂದೆ ತಿಳಿಸಿದ್ದು' ಎಂಬುದಕ್ಕೂ ಒಂದು ಇತಿಹಾಸ ಇದೆ. ಮಾರ್ಚ್ 26ರಂದು ಪ್ರಧಾನಿ ಕಚೇರಿ ಮೊದಲು ಹೇಳಿದ್ದು, ನಾವೀಗ ಒಕ್ಕೂಟದ ಸದಸ್ಯರಲ್ಲ, ನಮ್ಮ ಪ್ರಯತ್ನ ನಾವು ಮಾಡುತ್ತಿದ್ದೇವೆ ಅಂತ. ಕೇಳಿದರೆ ಅದು ನಿರ್ಧಾರದ ಹಾಗೇ ಕೇಳುತ್ತೆ, ಅಲ್ವಾ? ಅದೇ ದಿನ ಸ್ವಲ್ಪ ಹೊತ್ತಿನ ಮೇಲೆ ಮಾತು ಬದಲಾಯಿತು: ಸಂವಹನದ ಗೊಂದಲದಿಂದ ಆಹ್ವಾನ ಸಮಯಕ್ಕೆ ಬರಲಿಲ್ಲ. ಅಂದರೆ ಮೆಕ್‌ಡೊನಾಲ್ಡ್ ತಮ್ಮ ಮಾತನ್ನು ತಾಳೆ ಹಾಕಿದ ಹೇಳಿಕೆ ಕೂಡ ಒಂದು ಸ್ಪಷ್ಟನೆಯೇ. ಏಪ್ರಿಲ್ 21ರ ಸಂಜೆ ಹ್ಯಾನ್‌ಕಾಕ್ ಇನ್ನೂ ಒಂದು ಎಳೆ ಸೇರಿಸಿದರು. ತಮ್ಮ ಇಲಾಖೆಗೆ ಆಹ್ವಾನ ಬಂದಿತ್ತು, ತಮ್ಮ ಮುಂದೆ ಇಟ್ಟರು, ಸೇರಿದ್ದೇವೆ ಅಂತ. ಪತ್ರದ ಪ್ರಕಾರ ಆಹ್ವಾನ ಸಮಯಕ್ಕೆ ಬರಲಿಲ್ಲ, ಸೇರಲಾಗಲಿಲ್ಲ. ಸಚಿವರ ಪ್ರಕಾರ ಬಂತು, ಸೇರಿದೆವು. ಒಂದು ಹಿಂದಿನ ಖರೀದಿಗಳ ಮಾತು, ಇನ್ನೊಂದು ಮುಂದಿನವುಗಳದ್ದು ಎಂದು ಎರಡನ್ನೂ ಹೇಗೋ ಹೊಂದಿಸಬಹುದು. ಆದರೆ ಹೊಂದಿಸುವ ಕೆಲಸ ಓದುಗರದ್ದಲ್ಲ. ಸ್ಪಷ್ಟನೆ ಎಂಬ ಹೆಸರಿನ ಪತ್ರ ಮಾಡಬೇಕಾದದ್ದು ಅದನ್ನೇ.

'ರಾಜಕೀಯ ನಿರ್ಧಾರ' ಎಂಬ ಪದದ ಬಗ್ಗೆ ಒಂದು ಮಾತು. ಕನ್ನಡದಲ್ಲಿ 'ಇದರಲ್ಲಿ ರಾಜಕೀಯ ಇದೆ' ಅಂದರೆ ಕುತಂತ್ರ ಇದೆ ಅಂತ ಅರ್ಥ. ಬ್ರಿಟಿಷ್ ಅಧಿಕಾರಿಯ ಬಾಯಲ್ಲಿ ಅದಕ್ಕೆ ಅಂಥ ಕಹಿ ಇರಬೇಕಾಗಿಲ್ಲ. ಇದು ನಮ್ಮ ಮಟ್ಟದ ತೀರ್ಮಾನ ಅಲ್ಲ, ಆರಿಸಿ ಬಂದವರದ್ದು ಅನ್ನುವುದಕ್ಕೆ ಅಲ್ಲಿನ ಕಚೇರಿಯ ಮಾತು ಅದು. ಗಡಿ ಗುರುತಿಸುವ ಪದ. ಬೈಗುಳ ಅಲ್ಲ. ಹೊರಗೆ ಬಂದ ಕೂಡಲೇ ಅದು ಬೈಗುಳವಾಗಿ ಕೇಳಿಸಿತು, ಯಾಕೆಂದರೆ ಬ್ರೆಕ್ಸಿಟ್ ಹಟಕ್ಕೆ ವೆಂಟಿಲೇಟರ್ ಬಿಟ್ಟುಕೊಟ್ಟರು ಎಂಬ ಆರೋಪ ಆಗಲೇ ಗಾಳಿಯಲ್ಲಿತ್ತು. ಅಧಿಕಾರಿ ತಾನು ಜವಾಬ್ದಾರನಲ್ಲ ಎಂದು ಹೇಳಲು ಬಳಸಿದ ಪದ, ಸಚಿವರೇ ಜವಾಬ್ದಾರರು ಎಂದು ಬೆರಳು ತೋರಿಸಿದ ಹಾಗಾಯಿತು. ಎರಡೂ ಒಂದೇ ವಾಕ್ಯ. ಕೇಳುವ ಕಿವಿ ಬೇರೆ.

ಈ ಪತ್ರ ಹೀಗೇಕಿದೆ ಎಂದು ತಿಳಿಯಬೇಕಾದರೆ ಅದರ ಹಿಂದಿನ ನಿಯಮ ಗೊತ್ತಿರಬೇಕು. ಸಮಿತಿಗಳ ಮುಂದೆ ಸಾಕ್ಷ್ಯ ಹೇಳುವ ಅಧಿಕಾರಿಗಳಿಗೆ ಬ್ರಿಟನ್ ಸರ್ಕಾರ ಮಾಡಿಕೊಂಡಿರುವ ಮಾರ್ಗಸೂಚಿಗೆ 'ಓಸ್ಮದರ್ಲಿ ನಿಯಮಗಳು' ಎಂಬ ಹೆಸರು, 1980ರಲ್ಲಿ ಅದನ್ನು ಬರೆದ ಅಧಿಕಾರಿಯ ಹೆಸರಿನಿಂದ ಬಂದದ್ದು. ಅದರ ತಿರುಳು ಒಂದೇ ಸಾಲು: ಅಧಿಕಾರಿಗಳು ಸಾಕ್ಷ್ಯ ಹೇಳುವುದು ತಮ್ಮ ಸಚಿವರ ಪರವಾಗಿ ಮತ್ತು ಅವರ ನಿರ್ದೇಶನದಂತೆ. ಸ್ವಂತ ಅಭಿಪ್ರಾಯಕ್ಕೆ ಅಲ್ಲಿ ಜಾಗ ಇಲ್ಲ. ಸಂಸತ್ತು ಈ ನಿಯಮಗಳನ್ನು ಎಂದೂ ಔಪಚಾರಿಕವಾಗಿ ಒಪ್ಪಿಲ್ಲ, ಇವು ಸರ್ಕಾರ ತನ್ನವರಿಗೆ ತಾನೇ ಹಾಕಿಕೊಂಡದ್ದು. ಇನ್ನೊಂದು ಕಡೆ, ಅದೇ ಅಧಿಕಾರಿ ಸಮಿತಿಗೆ ನಿಜ ಹೇಳಬೇಕು, ತಪ್ಪು ಹೇಳಿದ್ದರೆ ಬೇಗ ತಿದ್ದಬೇಕು. ಎರಡೂ ಸೇರಿದಾಗ ಏನಾಗುತ್ತೆ? ತಿದ್ದುವ ಹೊಣೆ ಅಧಿಕಾರಿಯದು, ತಿದ್ದಿದ ಮಾತಿನ ದನಿ ಸಚಿವರದು. ಸಹಿ ಒಬ್ಬರದು, ಪತ್ರ ಇನ್ನೊಬ್ಬರದು. ಪತ್ರದಲ್ಲಿ 'ನಾನು' ಎಂಬ ಪದ ಬರುವುದು ತಪ್ಪು ಒಪ್ಪಿಕೊಳ್ಳುವ ಜಾಗದಲ್ಲಿ ಮಾತ್ರ. ಸಂಗತಿ ಹೇಳುವ ಜಾಗಕ್ಕೆ ಬಂದ ಮೇಲೆ 'ನಾನು' ಮಾಯ.

ಎರಡು ವರ್ಷದ ಮೇಲೆ ಇದೇ ಸಮಿತಿಗೆ ಇದೇ ಇಲಾಖೆಯಿಂದ ಮತ್ತೆ ತಿದ್ದುಪಡಿ ಬಂತು. ಮೆಕ್‌ಡೊನಾಲ್ಡ್ ಜಾಗಕ್ಕೆ ಬಂದಿದ್ದ ಸರ್ ಫಿಲಿಪ್ ಬಾರ್ಟನ್, 2021ರ ಆಗಸ್ಟ್‌ನಲ್ಲಿ ಕಾಬೂಲ್ ಬಿದ್ದ ಮೇಲೂ ಹನ್ನೊಂದು ದಿನ ರಜೆಯಲ್ಲಿದ್ದರು ಎಂಬ ಕಾರಣಕ್ಕೆ ಆಗಲೇ ಟೀಕೆಗೆ ಗುರಿಯಾಗಿದ್ದರು. ನೌಜಾದ್ ಎಂಬ ಪ್ರಾಣಿದಯಾ ಸಂಸ್ಥೆಯವರನ್ನು ಅಫ್ಘಾನಿಸ್ತಾನದಿಂದ ಕರೆತರುವ ತೀರ್ಮಾನ ಪ್ರಧಾನಿಯ ಕಡೆಯಿಂದ ಬಂತೇ ಎಂಬುದು ಸಮಿತಿಯ ಪ್ರಶ್ನೆ. ಬಾರ್ಟನ್ ಮತ್ತು ಅವರ ಸಹೋದ್ಯೋಗಿ ನೈಜೆಲ್ ಕೇಸಿ ಕೊಟ್ಟ ಉತ್ತರಗಳಿಗೆ ಹೊಂದದ ಇಮೇಲ್‌ಗಳನ್ನು ಇಲಾಖೆಯ ಒಳಗಿನವರೇ ಸಮಿತಿಗೆ ಕೊಟ್ಟರು. ಆಮೇಲೆ ಅಧಿಕಾರಿಗಳು ತಿದ್ದಿದರು, ಉದ್ದೇಶವಿಲ್ಲದೆ ತಪ್ಪು ಉತ್ತರ ಕೊಟ್ಟದ್ದಕ್ಕೆ ಕ್ಷಮೆ ಕೇಳಿದರು. ಈ ಸಲ ಸಮಿತಿ ಸುಮ್ಮನಿರಲಿಲ್ಲ. 2022ರ ಮೇ 24ರ ವರದಿಯಲ್ಲಿ ಅಧಿಕಾರಿಗಳ ಉತ್ತರಗಳು ನುಣುಚಿಕೊಳ್ಳುವಂಥವು, ಹಲವು ಕಡೆ ಬೇಕೆಂದೇ ದಾರಿತಪ್ಪಿಸುವಂಥವು ಎಂದು ಬರೆಯಿತು. ಬಾರ್ಟನ್ ತಮ್ಮ ಹುದ್ದೆಯ ಬಗ್ಗೆ ಯೋಚಿಸಬೇಕು ಎಂದಿತು.

ಎರಡೂ ಪ್ರಕರಣಗಳ ವ್ಯತ್ಯಾಸ ನೋಡಿ. 2020ರಲ್ಲಿ ಹೇಳಿದವರೇ ತಿದ್ದಿದರು, ಗಂಟೆಗಳಲ್ಲಿ ತಿದ್ದಿದರು. ನಿಯಮದ ಪ್ರಕಾರ ನೋಡಿದರೆ ಮೆಕ್‌ಡೊನಾಲ್ಡ್ ನಡೆ ಮಾದರಿ. 2022ರದ್ದು ತಡವಾದದ್ದು, ಹೊರಗಿನಿಂದ ಪುರಾವೆ ಬಂದ ಮೇಲೆ ಆದದ್ದು. ಆದರೆ ಓದುಗರಾಗಿ ನಮಗೆ ಹೆಚ್ಚು ತಿಳಿದದ್ದು ಎರಡನೆಯದರಿಂದ, ಯಾಕೆಂದರೆ ಅಲ್ಲಿ ಇಮೇಲ್ ಇತ್ತು, ದಿನಾಂಕ ಇತ್ತು, ಯಾರು ಯಾರಿಗೆ ಬರೆದರು ಎಂಬುದಿತ್ತು. ತಿದ್ದುಪಡಿ ಎಷ್ಟು ಬೇಗ ಬಂತು ಅನ್ನುವುದನ್ನೇ ಪ್ರಾಮಾಣಿಕತೆಯ ಅಳತೆ ಅಂದುಕೊಂಡರೆ ನಾವು ಮೋಸ ಹೋಗುತ್ತೇವೆ. ಬೇಗ ಬಂದ ತಿದ್ದುಪಡಿ ಪ್ರಶ್ನೆಯನ್ನೂ ಬೇಗ ಮುಚ್ಚುತ್ತದೆ.

ಇಷ್ಟೆಲ್ಲ ದೂರುವಾಗ ಒಂದನ್ನು ಒಪ್ಪಿಕೊಳ್ಳಬೇಕು. ಎರಡೂ ವಾಕ್ಯಗಳು ನಮ್ಮ ಕೈಯಲ್ಲಿವೆ, ಅದಕ್ಕೇ ಈ ವಿಮರ್ಶೆ ಸಾಧ್ಯವಾಯಿತು. ಸಮಿತಿಯ ಕಲಾಪ ನೇರಪ್ರಸಾರವಾಯಿತು, ವಿಡಿಯೋ ಇದೆ, ಪತ್ರವೂ ಪ್ರಕಟವಾಗಿದೆ. ಇಲ್ಲಿನ ಸಮಿತಿಗಳಲ್ಲಿ ಸಾಕ್ಷಿ ಆಮೇಲೆ ತಿದ್ದುಪಡಿ ಕಳಿಸಿದರೆ ಆಡಿದ ಮಾತನ್ನು ಅಳಿಸದೆ, ಸಾಕ್ಷಿಯ ಟಿಪ್ಪಣಿ ಅಂತ ಪಕ್ಕದಲ್ಲಿ ಸೇರಿಸುವ ಪದ್ಧತಿಯೂ ಇದೆ. ಭಾರತದ ಸಂಸದೀಯ ಸಮಿತಿಗಳಲ್ಲೂ ಇಲಾಖೆಯ ಕಾರ್ಯದರ್ಶಿಗಳು ಬಂದು ಸಾಕ್ಷ್ಯ ಹೇಳುತ್ತಾರೆ, ಆದರೆ ಬಾಗಿಲು ಮುಚ್ಚಿರುತ್ತೆ. ಆಡಿದ ಮಾತಿನ ಅಕ್ಷರಶಃ ಪ್ರತಿಯನ್ನು ತಿದ್ದಿ ಕೊಡಲು ಸಾಕ್ಷಿಗೇ ಕಳಿಸುತ್ತಾರೆ. ನಮಗೆ ಕಾಣುವುದು ಕೊನೆಗೆ ಮಂಡಿಸಿದ ವರದಿ. ಅಲ್ಲಿನ ಅಧಿಕಾರಿ ಏಪ್ರಿಲ್ 21ರ ಮೆಕ್‌ಡೊನಾಲ್ಡ್ ಥರ ಮಾತಾಡಿ ಅವತ್ತೇ ತಿದ್ದಿಕೊಂಡಿದ್ದರೆ, ಹೊರಗಿನ ಓದುಗನಿಗೆ ತಿದ್ದುಪಡಿ ಆಗಿದೆ ಎಂಬುದೇ ತಿಳಿಯುತ್ತಿರಲಿಲ್ಲ. ಬ್ರಿಟನ್ನಿನ ವ್ಯವಸ್ಥೆಯನ್ನು ಹೊಗಳಲು ಹೇಳುತ್ತಿಲ್ಲ. ತೆರೆದ ಬಾಗಿಲಿನಿಂದ ಕಂಡದ್ದನ್ನು ಮುಚ್ಚುವ ಕೆಲಸಕ್ಕೆ ಬೇರೆ ಕೌಶಲ ಬೇಕಾಗುತ್ತೆ, ಆ ಕೌಶಲವೇ ಈ ಗದ್ಯ ಪ್ರಕಾರ.

ಹೀಗಲ್ಲದೆ ಬೇರೆ ರೀತಿ ಬರೆಯಲು ಸಾಧ್ಯವೇ ಇರಲಿಲ್ಲವೇ? ಸಾಧ್ಯವಿತ್ತು ಅನ್ನುವುದಕ್ಕೆ ಸಾಕ್ಷಿ ಅದೇ ಮೆಕ್‌ಡೊನಾಲ್ಡ್. 2020ರ ಸೆಪ್ಟೆಂಬರ್‌ನಲ್ಲಿ ಇಲಾಖೆಗಳ ವಿಲೀನದ ಹೊತ್ತಿಗೆ ಅವರು ಹುದ್ದೆ ಬಿಟ್ಟರು. ಮುಂದೆ ಲಾರ್ಡ್ಸ್ ಸಭೆಯಲ್ಲಿ ಯಾವ ಪಕ್ಷಕ್ಕೂ ಸೇರದ ಸದಸ್ಯರಾದರು. 2022ರ ಜುಲೈ 5ರ ಬೆಳಿಗ್ಗೆ ಅವರು ಇನ್ನೊಂದು ಪತ್ರ ಬರೆದು ಎಲ್ಲರಿಗೂ ಕಾಣುವಂತೆ ಟ್ವಿಟರ್‌ನಲ್ಲಿ ಹಾಕಿದರು. ಈ ಸಲ ಅದು ಸಂಸತ್ತಿನ ನಡಾವಳಿ ಆಯುಕ್ತೆಗೆ. ವಿಷಯ ಸಂಸದ ಕ್ರಿಸ್ ಪಿಂಚರ್ ಮೇಲಿನ ದೂರುಗಳು. ಪ್ರಧಾನಿ ಕಚೇರಿ ಹೇಳುತ್ತಿರುವುದು ಸರಿಯಲ್ಲ ಎಂಬುದು ಪತ್ರದ ಸಾರ.

ಆ ಪತ್ರದ ವ್ಯಾಕರಣ ಹೇಗಿದೆ ನೋಡಿ. 2019ರ ಬೇಸಿಗೆ ಎಂದು ಕಾಲ ಇದೆ. ಪಿಂಚರ್ ವಿದೇಶಾಂಗ ಇಲಾಖೆಯ ಸಚಿವರಾದ ಸ್ವಲ್ಪ ದಿನಕ್ಕೆ ಎಂದು ಸಂದರ್ಭ ಇದೆ. ಅಧಿಕಾರಿಗಳ ಗುಂಪೊಂದು ದೂರು ಕೊಟ್ಟಿತು. ತನಿಖೆ ಆಯಿತು. ದೂರು ಸಾಬೀತಾಯಿತು. ಪಿಂಚರ್ ಕ್ಷಮೆ ಕೇಳಿದರು. ತನಿಖೆಯ ಬಗ್ಗೆ ಜಾನ್ಸನ್ ಅವರಿಗೆ ಮುಖತಃ ತಿಳಿಸಲಾಗಿತ್ತು. ಯಾರು, ಯಾವಾಗ, ಯಾರಿಗೆ: 2020ರ ಪತ್ರದಿಂದ ಹೊರಹೋಗಿದ್ದವರೆಲ್ಲ ವಾಪಸ್ ಬಂದಿದ್ದಾರೆ. ಮುಖ್ಯವಾಗಿ, ಸರ್ಕಾರ ಹಿಂದೆ ತಿಳಿಸಿದ್ದನ್ನು ಇಲ್ಲಿ ಅಳತೆಗೋಲಾಗಿ ಬಳಸಿಲ್ಲ, ಅಳೆಯುತ್ತಿರುವುದೇ ಅದನ್ನು. ಅವತ್ತು ಸಂಜೆಯೇ ರಿಷಿ ಸುನಕ್ ಮತ್ತು ಸಾಜಿದ್ ಜಾವಿದ್ ರಾಜೀನಾಮೆ ಕೊಟ್ಟರು. ಜುಲೈ 7ಕ್ಕೆ ಜಾನ್ಸನ್ ತಾವೂ ಹೋಗುವುದಾಗಿ ಹೇಳಿದರು.

ನಿವೃತ್ತಿಯ ನಂತರದ ಧೈರ್ಯಕ್ಕೆ ಬೆಲೆ ಕಡಿಮೆ ಅಂತ ಕೆಲವರು ಹೇಳುತ್ತಾರೆ. ನಮ್ಮ ಕಡೆಯೂ ನಿವೃತ್ತ ಅಧಿಕಾರಿಗಳ ಆತ್ಮಕಥೆ ಬಂದಾಗಲೆಲ್ಲ ಈ ಮಾತು ಬರುತ್ತೆ, ಕುರ್ಚಿಯಲ್ಲಿದ್ದಾಗ ಎಲ್ಲಿ ಹೋಗಿತ್ತು ಅಂತ. ನನಗೆ ಆ ಟೀಕೆ ಅರ್ಧ ಮಾತ್ರ ಸರಿ ಅನ್ನಿಸುತ್ತೆ. ಮನುಷ್ಯ ಅದೇ, ಶೈಲಿ ಎರಡು. ಒಂದು ಸಚಿವರ ಪರವಾಗಿ ಬರೆದದ್ದು, ಇನ್ನೊಂದು ತನ್ನ ಪರವಾಗಿ ಬರೆದದ್ದು. ಮೊದಲನೆಯದರ ಮಸುಕಿಗೆ ಬರೆದವರ ಸ್ವಭಾವ ಕಾರಣ ಎನ್ನಲು ಎರಡನೆಯ ಪತ್ರ ಬಿಡುವುದಿಲ್ಲ. ಓಸ್ಮದರ್ಲಿ ನಿಯಮದ ಆ ಒಂದು ಸಾಲನ್ನು ತಿದ್ದುಪಡಿ ಪತ್ರಗಳ ಮಟ್ಟಿಗಾದರೂ ಸಡಿಲ ಮಾಡಬೇಕು. ಸಾಕ್ಷ್ಯ ಹೇಳುವಾಗ ಸಚಿವರ ಪರ ಇರಲಿ. ಹೇಳಿದ್ದು ತಪ್ಪು ಎಂದು ಬರೆಯುವಾಗ ಮಾತ್ರ ಅಧಿಕಾರಿ ತನ್ನ ಹೆಸರಿನಲ್ಲೇ ಬರೆಯಲಿ. ಮೊದಲು ಹೀಗೆ ತಿಳಿದದ್ದು ಯಾವುದರಿಂದ, ತಪ್ಪೆಂದು ಗೊತ್ತಾದದ್ದು ಯಾವುದರಿಂದ, ನಡುವೆ ಯಾರ ಜೊತೆ ಮಾತಾಡಿದೆ ಎಂಬುದನ್ನು ಹೇಳಲಿ. ಕಾಗದ ಇದ್ದರೆ ಜೊತೆಗಿಡಲಿ. ಯಾವ ಡೇಟಾ ಟೀಮಿನಲ್ಲೂ ಇದಕ್ಕಿಂತ ಕಡಿಮೆ ವಿವರಕ್ಕೆ ಒಂದು ತಿದ್ದುಪಡಿ ಪಾಸಾಗುವುದಿಲ್ಲ, ಅಲ್ಲಿ ಯಾರ ಪ್ರಾಣದ ಪ್ರಶ್ನೆಯೂ ಇರುವುದಿಲ್ಲ.

ಜುಲೈ 5ರ ಪತ್ರ ಹೊರಬಿದ್ದ ದಿನ ಸರ್ಕಾರದ ಪರವಾಗಿ ಕಾಮನ್ಸ್‌ನಲ್ಲಿ ಉತ್ತರಿಸಿದ ಸಚಿವ ಮೈಕೆಲ್ ಎಲ್ಲಿಸ್, ಪ್ರಧಾನಿಗೆ 2019ರ ಆ ಮಾತುಕತೆ ತಕ್ಷಣಕ್ಕೆ ನೆನಪಾಗಲಿಲ್ಲ ಎಂದರು. ಅದು ಕೂಡ ಒಂದು ಸ್ಪಷ್ಟನೆಯೇ. ಬಾಯಿಯದ್ದಲ್ಲ, ಕಣ್ಣಿನದ್ದಲ್ಲ, ಈ ಸಲ ನೆನಪಿನದ್ದು.